ಕೇಕ್ ಮಿಕ್ಸ್ ಕುಕೀಸ್ ಟ್ರೇ ತುಂಬ ಹರಡಿಕೊಳ್ತಿವೆ, ಅಳತೆ ಎಲ್ಲಿ ತಪ್ಪಿದೆ?

ಸಕ್ಕರೆಚಮಚ
ಹಬ್ಬಕ್ಕೆ ನಾಲ್ಕೈದು ಡಬ್ಬ ತುಂಬುವಷ್ಟು ಕುಕೀಸ್ ಆಗಬೇಕು, ಇರೋದು ಎರಡೇ ದಿನ. ಅದಕ್ಕೇ ರೆಡಿ ಕೇಕ್ ಮಿಕ್ಸ್ ಬಾಕ್ಸ್‌ನಿಂದ ಮಾಡೋಣ ಅಂತ. ಎಲ್ಲಿ ನೋಡಿದ್ರೂ ಅಳತೆ ಒಂದೇ: ಒಂದು ಬಾಕ್ಸ್ ಮಿಕ್ಸ್, ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆ, 175 ಡಿಗ್ರಿಯಲ್ಲಿ ಹತ್ತು ನಿಮಿಷ. ಆದ್ರೆ ಹಿಟ್ಟು ಉಂಡೆ ಕಟ್ಟೋಕೇ ಬರಲ್ಲ, ಚಮಚದಿಂದ ಜಾರುತ್ತೆ. ಓವನ್‌ಗೆ ಹೋದ ಮೂರನೇ ನಿಮಿಷಕ್ಕೆ ಚಪ್ಪಟೆಯಾಗಿ ಒಂದಕ್ಕೊಂದು ಅಂಟಿಕೊಂಡು ಒಂದೇ ಹಾಳೆ ಆಗುತ್ತೆ. ಅಂಚು ಕಂದು, ನಡು ಹಸಿ. ಏನು ತಪ್ಪು?

ತೂಕದಕಲ್ಲು
ಬಾಕ್ಸ್ ಮೇಲೆ ನಿವ್ವಳ ತೂಕ ಎಷ್ಟು ಅಂತ ಬರೆದಿದೆ? ಮೊದಲು ಅದು ಹೇಳಿ, ಉಳಿದದ್ದು ಆಮೇಲೆ.

ಸಕ್ಕರೆಚಮಚ
375 ಗ್ರಾಂ.

ತೂಕದಕಲ್ಲು
ಅಲ್ಲೇ ಇದೆ ನೋಡಿ. "ಒಂದು ಬಾಕ್ಸ್" ಅನ್ನೋದು ಅಳತೆಯೇ ಅಲ್ಲ. ಈ ಎರಡು ಮೊಟ್ಟೆ, ಅರ್ಧ ಕಪ್ ಎಣ್ಣೆಯ ಲೆಕ್ಕ ಅಮೆರಿಕದ ಹಳೇ ಬಾಕ್ಸ್‌ನದ್ದು. ಆಗ ಅದರಲ್ಲಿ 18.25 ಔನ್ಸ್, ಅಂದ್ರೆ 517 ಗ್ರಾಂ ಮಿಕ್ಸ್ ಇರ್ತಿತ್ತು. ಆಮೇಲೆ 15.25 ಔನ್ಸ್, 432 ಗ್ರಾಂ ಆಯ್ತು. ಈಗ ಕೆಲವು 13.25 ಔನ್ಸ್, ಅಂದ್ರೆ ನಿಮ್ಮ 375 ಗ್ರಾಂ. ಪುಡಿ ಕಾಲು ಭಾಗಕ್ಕೂ ಮೀರಿ ಇಳಿದಿದೆ, ಎಣ್ಣೆ ಮೊಟ್ಟೆ ಅಷ್ಟೇ ಉಳಿದಿದೆ. ಹರಡದೆ ಇನ್ನೇನಾಗುತ್ತೆ?

ಎರಡು ದಾರಿ ಇದೆ.

ಒಂದು, ಪುಡಿ ಹೆಚ್ಚಿಸೋದು. 375 ಗ್ರಾಂ ಮಿಕ್ಸ್‌ಗೆ 57 ಗ್ರಾಂ ಮೈದಾ ಸೇರಿಸಿ, ಮಟ್ಟ ಮಾಡಿದ ಏಳು ಟೇಬಲ್ ಚಮಚ ಆಗುತ್ತೆ. ಅಲ್ಲಿಗೆ 432 ಮುಟ್ಟಿತು. ಆ ತೂಕಕ್ಕೆ ಎರಡು ಮೊಟ್ಟೆ (ಚಿಪ್ಪು ಬಿಟ್ಟು 100 ಗ್ರಾಂ) ಮತ್ತು 110 ಗ್ರಾಂ ಎಣ್ಣೆ ಸರಿಹೋಗುತ್ತೆ. ಹಿಟ್ಟು ಮೆತ್ತಗಿರುತ್ತೆ, ಆದ್ರೆ ಜಾರಲ್ಲ. ಹಳೇ 517 ಗ್ರಾಂ ಬಾಕ್ಸ್‌ನ ಗಟ್ಟಿತನವೇ ಬೇಕಂದ್ರೆ 432ಕ್ಕೆ ಇನ್ನೂ 85 ಗ್ರಾಂ ಮೈದಾ ಹೋಗಬೇಕು.

ಎರಡು, ಒದ್ದೆ ಪದಾರ್ಥ ಇಳಿಸೋದು. 375 ಗ್ರಾಂ ಮಿಕ್ಸ್‌ಗೆ 80 ಗ್ರಾಂ ಎಣ್ಣೆ, ಒಂದು ಇಡೀ ಮೊಟ್ಟೆ ಮತ್ತೆ ಒಂದು ಹಳದಿ ಭಾಗ. ಸಂಖ್ಯೆ ಕಡಿಮೆಯಾಗುತ್ತೆ, ರುಚಿ ಮಾತ್ರ ಮಿಕ್ಸ್‌ನದ್ದೇ ಉಳಿಯುತ್ತೆ.

ಮೈದಾ ಸೇರಿಸಿದ್ರೆ ಸಿಹಿ ಕಡಿಮೆಯಾಗುತ್ತೆ ಅಂತ ಹೆದರಬೇಡಿ. ಕೇಕ್ ಮಿಕ್ಸ್‌ನಲ್ಲಿ ಸಕ್ಕರೆಯೇ ಶೇ. 40ರ ಆಸುಪಾಸು ಇರುತ್ತೆ. ಸ್ವಲ್ಪ ಇಳಿದ್ರೆ ಒಳ್ಳೇದೇ.

ಮರದಸೌಟು
ಇಷ್ಟೊಂದು ಲೆಕ್ಕ ಯಾಕೆ? ಹಿಟ್ಟನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ, ಗಟ್ಟಿಯಾಗುತ್ತೆ, ಮುಗೀತು.

ಓವನ್‌ಬಾಗಿಲು
@ಮರದಸೌಟು ಬೆಣ್ಣೆ ಹಾಕಿದ ಹಿಟ್ಟಿಗೆ ಆ ಮಾತು ನೂರಕ್ಕೆ ನೂರು ಸರಿ. ಇಲ್ಲಿರೋದು ಎಣ್ಣೆ. ಫ್ರಿಜ್‌ನ ನಾಲ್ಕು ಡಿಗ್ರಿಯಲ್ಲೂ ಸೂರ್ಯಕಾಂತಿಯಂಥ ಅಡುಗೆ ಎಣ್ಣೆ ಹರಿಯುತ್ತಲೇ ಇರುತ್ತೆ. ಆದ್ರೂ ಇಟ್ಟ ಹಿಟ್ಟು ಗಟ್ಟಿಯಾಗೋದು ನಿಜ, ಕಾರಣ ಬೇರೆ: ಮೈದಾ, ಪಿಷ್ಟ, ಮಿಕ್ಸ್‌ನಲ್ಲಿರೋ ಗಮ್ ಇವೆಲ್ಲ ಮೊಟ್ಟೆಯ ನೀರನ್ನ ನಿಧಾನಕ್ಕೆ ಹೀರಿಕೊಳ್ತವೆ. ಅದಕ್ಕೆ ಫ್ರಿಜ್ಜೇ ಬೇಕಂತಿಲ್ಲ, ಸಮಯ ಬೇಕು. ಮೂವತ್ತು ನಿಮಿಷ ಮುಚ್ಚಿಡಿ, ಆದ್ರೆ ಹಸಿ ಮೊಟ್ಟೆ ಇರೋದ್ರಿಂದ ಫ್ರಿಜ್‌ನಲ್ಲೇ ಮುಚ್ಚಿಡಿ. ಪುಡಿಯೇ ಕಮ್ಮಿ ಇರುವಾಗ ಎಷ್ಟು ಹೊತ್ತು ಇಟ್ಟರೂ ಹೀರಿಕೊಳ್ಳೋಕೆ ಏನಿದೆ?

ಮರದಸೌಟು
ಒಪ್ಪಿದೆ. ಹಾಗಾದ್ರೆ ಎಣ್ಣೆ ಬಿಟ್ಟು ಬೆಣ್ಣೆ ಹಾಕಲಿ. ರುಚಿಯೂ ಮೇಲು.

ಓವನ್‌ಬಾಗಿಲು
ರುಚಿ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಬೆಣ್ಣೆಯಲ್ಲಿ ಕೊಬ್ಬು ಶೇ. 80 ಚಿಲ್ಲರೆ ಅಷ್ಟೇ, ಉಳಿದದ್ದು ಬಹುಪಾಲು ನೀರು. 113 ಗ್ರಾಂ ಬೆಣ್ಣೆ ಅಂದ್ರೆ 92 ಗ್ರಾಂ ಆಸುಪಾಸು ಕೊಬ್ಬು. ಅರ್ಧ ಕಪ್ ಎಣ್ಣೆಯಲ್ಲಿ 110 ಗ್ರಾಂ ಪೂರ್ತಿ ಕೊಬ್ಬು. ಹಾಗಾಗಿ ಬೆಣ್ಣೆ ಕುಕಿ ಸ್ವಲ್ಪ ಉಬ್ಬಿ ಕೇಕ್ ಥರ ಇರುತ್ತೆ, ಎಣ್ಣೆಯದ್ದು ಮೆದುವಾಗಿ ಅಗಿಯೋ ಹಾಗಿರುತ್ತೆ. ಬೆಣ್ಣೆಯನ್ನ ಕರಗಿಸಿ ಮಾತ್ರ ಹಾಕಬೇಡಿ. ಬೆರಳು ಒತ್ತಿದ್ರೆ ಗುಳಿ ಬೀಳಬೇಕು, ಹೊಳಪು ಬಂದಿರಬಾರದು, ಆ ಹದ. ಇಲ್ಲಿ ಫ್ರಿಜ್ ನಿಜವಾಗ್ಲೂ ಕೆಲಸ ಮಾಡುತ್ತೆ.

ಬಿಸಿತಟ್ಟೆ
ಅಳತೆ ಸರಿಯಿದ್ದೂ ಹರಡಿದ್ರೆ ಓವನ್ ನೋಡಿ. ಗುಂಡಿಯಲ್ಲಿ 175 ಇದ್ದು ಒಳಗೆ 155 ಇರೋದು ಬಹಳ ಸಾಮಾನ್ಯ, ಸಣ್ಣ ಓವನ್‌ಗಳಲ್ಲಂತೂ ಹೆಚ್ಚು. ಕುಕಿ ಒಳಗೆ ಒಂದು ಓಟ ನಡೀತಾ ಇರುತ್ತೆ: ಒಂದು ಕಡೆ ಕೊಬ್ಬು ಸಕ್ಕರೆ ಕರಗಿ ಹರಡ್ತಾ ಇರುತ್ತೆ, ಇನ್ನೊಂದು ಕಡೆ ಮೊಟ್ಟೆ ಮತ್ತು ಪಿಷ್ಟ ಬೆಂದು ಗಟ್ಟಿಯಾಗ್ತಾ ಇರುತ್ತೆ. ಶಾಖ ಕಮ್ಮಿಯಾದ್ರೆ ಹರಡೋದೇ ಗೆಲ್ಲುತ್ತೆ. ಓವನ್ ಒಳಗಿಡೋ ಪುಟ್ಟ ಥರ್ಮಾಮೀಟರ್ ಇಟ್ಟು 15 ನಿಮಿಷ ಕಾಯಿಸಿ, ಮುಳ್ಳು ನಿಂತ ಮೇಲೆ ಟ್ರೇ ಇಡಿ. ಫ್ಯಾನ್ ಇರೋ ಓವನ್ ಆದ್ರೆ 160 ಸಾಕು.

ಎರಡನೇ ಸುತ್ತಿಗೆ ಬಿಸಿ ಟ್ರೇ ಮೇಲೇ ಹಿಟ್ಟು ಇಡಬೇಡಿ. ಓವನ್‌ಗೆ ಹೋಗೋ ಮೊದಲೇ ಅಡಿ ಕರಗಿ ಹರಡೋಕೆ ಶುರುವಾಗುತ್ತೆ. ಎರಡು ಟ್ರೇ ಇಟ್ಕೊಂಡು ಒಂದರ ಸರದಿ ಆದಾಗ ಇನ್ನೊಂದನ್ನ ಆರಿಸಿ. ಕಪ್ಪು ಟ್ರೇ ಆದ್ರೆ ಅಡಿ ಬೇಗ ಕಂದಾಗುತ್ತೆ, 10 ಡಿಗ್ರಿ ಇಳಿಸಿ.

ಸಕ್ಕರೆಚಮಚ
57 ಗ್ರಾಂ ಮೈದಾ ಸೇರಿಸಿ ಅರ್ಧ ಗಂಟೆ ಇಟ್ಟು ಒಂದೇ ಒಂದು ಕುಕಿ ಬೇಯಿಸಿ ನೋಡಿದೆ. ಮೊದಲು 9 ಸೆಂ.ಮೀ. ಹರಡಿದ್ದು ಈಗ 6ಕ್ಕೆ ನಿಂತಿದೆ! ಆದ್ರೆ ಹತ್ತು ನಿಮಿಷಕ್ಕೂ ನಡು ಹಸಿ ಅನ್ನಿಸ್ತಾ ಇದೆ. ಇನ್ನೂ ಬಿಡಲಾ?

ತೂಕದಕಲ್ಲು
ಬೇಡ. ಅಂಚು ಗಟ್ಟಿಯಾಗಿ, ಮೇಲ್ಭಾಗದ ಹೊಳಪು ಹೋಗಿದ್ರೆ ತೆಗೆದುಬಿಡಿ. ನಡು ಬೆಂದಿಲ್ಲ ಅನ್ನಿಸಿದ್ರೂ ಬಿಸಿ ಟ್ರೇ ಮೇಲೆ ಐದು ನಿಮಿಷದಲ್ಲಿ ಬೇಯುತ್ತೆ. ಆಮೇಲೆ ಜಾಲರಿಗೆ ವರ್ಗಾಯಿಸಿ. ಅಲ್ಲೇ ಬಿಟ್ಟರೆ ಅಡಿಯಲ್ಲಿ ಆವಿ ಕಟ್ಟಿ ಒದ್ದೆಯಾಗುತ್ತೆ. ಬಣ್ಣ ಬರಲಿ ಅಂತ ಕಾಯೋದು ಇಲ್ಲಿ ಎಲ್ಲರೂ ಮಾಡೋ ತಪ್ಪು. ಇಡೀ ಕುಕಿ ಹೊಂಬಣ್ಣಕ್ಕೆ ಬರೋ ಹೊತ್ತಿಗೆ ಒಣ ರಸ್ಕ್ ಆಗಿರುತ್ತೆ. ಚಾಕೊಲೇಟ್ ಮಿಕ್ಸ್‌ನಲ್ಲಿ ಬಣ್ಣ ಕಾಣೋದೇ ಇಲ್ಲ, ಗಡಿಯಾರ ನೋಡಿಯೇ ತೆಗೀಬೇಕು.

ಉಂಡೆ ಎಷ್ಟು ಗ್ರಾಂ ಮಾಡಿದ್ರಿ? ನಿಮ್ಮ ಹಿಟ್ಟು ಒಟ್ಟು 640 ಗ್ರಾಂ ಆಸುಪಾಸು. 20 ಗ್ರಾಂ ಉಂಡೆ ಕಟ್ಟಿದ್ರೆ 32 ಕುಕಿ, 8ರಿಂದ 10 ನಿಮಿಷ. ಒಂದು ಟ್ರೇಯಲ್ಲಿ ಸಣ್ಣದು ದೊಡ್ಡದು ಬೆರೆತ್ರೆ ಯಾವುದೋ ಒಂದು ಹಾಳಾಗೋದು ಖಾತ್ರಿ.

ಪುಡಿಸಕ್ಕರೆ
ಕ್ರಿಂಕಲ್ ಕುಕೀಸ್ ಬಗ್ಗೆ ಯಾರಾದ್ರೂ ಹೇಳಿ. ಮೇಲೆ ಹಾಕಿದ ಐಸಿಂಗ್ ಶುಗರ್ ಕರಗಿ ಕಲೆ ಕಲೆಯಾಗುತ್ತೆ. ಬಿಳಿ ಬಿರುಕು ಬರೋದೇ ಇಲ್ಲ.

ಬಿರುಕುಬಿಸ್ಕತ್ತು
ಹಬ್ಬಕ್ಕೆ ಇದಕ್ಕಿಂತ ಸುಲಭದ, ಚೆಂದದ ಕುಕಿ ಇಲ್ಲ. ಅಲಂಕಾರವೂ ಓವನ್ ಒಳಗೇ ಆಗಿಬಿಡುತ್ತೆ. ನಿಧಾನಕ್ಕೆ ಹೇಳ್ತೀನಿ.

ಬಿರುಕು ಯಾಕೆ ಬರುತ್ತೆ ಅಂದ್ರೆ, ಉಂಡೆಯ ಹೊರಮೈ ಮೊದಲು ಒಣಗಿ ಗಟ್ಟಿಯಾಗುತ್ತೆ. ಒಳಗೆ ಸೋಡಾ ಇನ್ನೂ ಗಾಳಿ ಬಿಡ್ತಾ ಉಬ್ಬಿಸ್ತಾ ಇರುತ್ತೆ. ಒಣಗಿದ ಚರ್ಮ ಹಿಗ್ಗಲಾರದೆ ಸೀಳುತ್ತೆ. ಸೀಳಿನಲ್ಲಿ ಒಳಗಿನ ಕಪ್ಪು, ಮೇಲೆ ಸಕ್ಕರೆಯ ಬಿಳಿ. ಅಂದ್ರೆ ಹೊರಮೈ ಒಣಗಿರಬೇಕು, ಒಳಗೆ ತಣ್ಣಗಿರಬೇಕು, ಓವನ್ ಚೆನ್ನಾಗಿ ಕಾದಿರಬೇಕು.

ಪುಡಿಸಕ್ಕರೆ ಕರಗೋದು ಹಿಟ್ಟಿನ ತೇವದಿಂದ. ಅದಕ್ಕೇ ಎರಡು ಪದರ. ತಣ್ಣನೆ ಉಂಡೆಯನ್ನ ಮೊದಲು ಮಾಮೂಲಿ ಹರಳು ಸಕ್ಕರೆಯಲ್ಲಿ ತೆಳ್ಳಗೆ ಹೊರಳಿಸಿ. ಇದು ಮೇಲ್ಮೈಯ ನೀರನ್ನ ಎಳ್ಕೊಂಡು ನಡುವೆ ಗೋಡೆ ಥರ ನಿಲ್ಲುತ್ತೆ. ಆಮೇಲೆ ಐಸಿಂಗ್ ಶುಗರ್‌ನಲ್ಲಿ ಹೊರಳಿಸಿ. ಎಷ್ಟು ಅಂದ್ರೆ ಹಿಟ್ಟಿನ ಬಣ್ಣ ಎಲ್ಲೂ ಕಾಣಬಾರದು, ಸುಣ್ಣ ಬಳಿದ ಗೋಲಿ ಥರ ಇರಬೇಕು. ಜಾಸ್ತಿಯಾಯ್ತು ಅಂತ ಕೊಡವಬೇಡಿ. ಹೊರಳಿಸಿದ ತಕ್ಷಣ ಓವನ್‌ಗೆ, ಕಾಯಿಸಿದ್ರೆ ಅಲ್ಲೇ ಒದ್ದೆಯಾಗುತ್ತೆ.

ಮನೇಲೇ ಮಿಕ್ಸಿಯಲ್ಲಿ ಪುಡಿ ಮಾಡಿದ ಸಕ್ಕರೆ ಆಗಿದ್ರೆ ಅದೇ ಕಾರಣ ಇರಬಹುದು. ಅಂಗಡಿಯ ಐಸಿಂಗ್ ಶುಗರ್‌ನಲ್ಲಿ ಸ್ವಲ್ಪ ಕಾರ್ನ್‌ಫ್ಲೋರ್ ಬೆರೆಸಿರ್ತಾರೆ, ಅದು ತೇವ ತಡೆಯುತ್ತೆ. ಮನೆಯದ್ದಕ್ಕೆ 120 ಗ್ರಾಂಗೆ ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್ ಹಾಕಿ ಎರಡು ಸಲ ಜರಡಿ ಹಿಡಿಯಿರಿ.

ಪುಡಿಸಕ್ಕರೆ
ಮಿಕ್ಸಿಯದ್ದೇ! ಕಾರ್ನ್‌ಫ್ಲೋರ್ ಹಾಕಿ ನೋಡ್ತೀನಿ. ಯಾವ ಮಿಕ್ಸ್ ಒಳ್ಳೇದು?

ಬಿರುಕುಬಿಸ್ಕತ್ತು
ಚಾಕೊಲೇಟ್, ರೆಡ್ ವೆಲ್ವೆಟ್. ಬಿಳಿಗೆ ಎದುರು ಬಣ್ಣ ಇರಬೇಕಲ್ಲ. ವೆನಿಲಾದಲ್ಲಿ ಬಿರುಕು ಬಂದ್ರೂ ಕಾಣಲ್ಲ. ಬಣ್ಣ ಹಾಕೋದಾದ್ರೆ ಬಿಳಿ ಮಿಕ್ಸ್ ತಗೊಳ್ಳಿ. ಹಳದಿ ಮಿಕ್ಸ್‌ಗೆ ನೀಲಿ ಹಾಕಿದ್ರೆ ಹಸಿರು ಬರುತ್ತೆ. ನೀರು ಬಣ್ಣ ಬೇಡ, ಜೆಲ್ ಬಣ್ಣ. ಬೇಯುವಾಗ ಮಂಕಾಗೋದ್ರಿಂದ ಬೇಕಾದ್ದಕ್ಕಿಂತ ಒಂದು ಛಾಯೆ ಗಾಢವಾಗಿರಲಿ.

ಹಾಲುಕೆನೆ
ಎಣ್ಣೆಯೇ ಬೇಡದ ಒಂದು ಬಗೆ ಇದೆ, ಯಾರೂ ಹೇಳಲಿಲ್ಲ. 432 ಗ್ರಾಂ ಮಿಕ್ಸ್, ಒಂದು ಮೊಟ್ಟೆ, 226 ಗ್ರಾಂ ಫ್ರೋಜನ್ ವಿಪ್ಡ್ ಟಾಪಿಂಗ್ (ಕಡೆದ ಕ್ರೀಮ್ ಥರದ್ದು, ಹೆಪ್ಪುಗಟ್ಟಿಸಿ ಮಾರೋದು). ಟಾಪಿಂಗ್ ಫ್ರಿಜ್‌ನಲ್ಲಿ ಕರಗಿ ಮೆದುವಾಗಿರಬೇಕು, ನೀರಾಗಿರಬಾರದು. ಸೌಟಿನಿಂದ ಮಡಚಿದ ಹಾಗೆ ಬೆರೆಸಿ, ಬೀಟರ್ ಬೇಡ. ಹಿಟ್ಟು ಅಂಟು ಅಂಟಾಗಿರುತ್ತೆ, ಕೈಯಲ್ಲಿ ಉಂಡೆ ಕಟ್ಟೋಕಾಗಲ್ಲ. ಚಮಚದಿಂದ ಸೀದಾ ಪುಡಿಸಕ್ಕರೆ ಬಟ್ಟಲಿಗೆ ಬೀಳಿಸಿ, ಬಟ್ಟಲು ಅಲ್ಲಾಡಿಸಿ ಉರುಳಿಸಿ. 175ರಲ್ಲಿ 10ರಿಂದ 12 ನಿಮಿಷ. ಹಗುರವಾಗಿ, ಮೆದುವಾಗಿ ಬರುತ್ತೆ.

ಮರದಸೌಟು
ಅದರ ಬದಲು ಮಾಮೂಲಿ ಕ್ರೀಮ್ ಕಡೆದು ಹಾಕಬಹುದಾ?

ಹಾಲುಕೆನೆ
ಬೇಡ. ಟಾಪಿಂಗ್‌ನಲ್ಲಿ ನೊರೆ ಹಿಡಿದಿಡೋ ಪದಾರ್ಥ ಇರುತ್ತೆ. ಮಾಮೂಲಿ ಕ್ರೀಮ್ ಮಿಕ್ಸ್ ಜೊತೆ ಬೆರೆಸುವಾಗಲೇ ಕುಸಿದು ತೆಳ್ಳಗಾಗುತ್ತೆ.

ಕೊಬ್ಬಿನ ರುಚಿ ಇಷ್ಟಪಡೋರಿಗೆ ಇದಕ್ಕೆ ಪೂರ್ತಿ ವಿರುದ್ಧದ್ದು ಗೂಯಿ ಬಟರ್ ಕುಕಿ. ಸೇಂಟ್ ಲೂಯಿಸ್‌ನ ಗೂಯಿ ಬಟರ್ ಕೇಕ್‌ನ ಕುಕಿ ರೂಪ. 226 ಗ್ರಾಂ ಕ್ರೀಮ್ ಚೀಸ್, 113 ಗ್ರಾಂ ಬೆಣ್ಣೆ ಎರಡನ್ನೂ ಗಂಟಿಲ್ಲದೆ ಕಡೆದು, ಒಂದು ಮೊಟ್ಟೆ, ಒಂದು ಟೀ ಚಮಚ ವೆನಿಲಾ, ಆಮೇಲೆ 432 ಗ್ರಾಂ ಹಳದಿ ಮಿಕ್ಸ್. ಇದನ್ನ ಕಡೇಪಕ್ಷ ಒಂದೂವರೆ ಗಂಟೆ ಫ್ರಿಜ್‌ನಲ್ಲಿ ಇಡಲೇಬೇಕು. ಕ್ರೀಮ್ ಚೀಸ್ ತಣ್ಣಗಿದ್ದಾಗ ಕಡೆದ್ರೆ ಬಿಳಿ ಗಂಟು ಉಳಿಯುತ್ತೆ, ಬೇಯಿಸಿದ್ರೂ ಹೋಗಲ್ಲ.

ಹಸಿರೆಲೆ
ಮೊಟ್ಟೆ ಇಲ್ಲದೆ?

ಓವನ್‌ಬಾಗಿಲು
ಆಗುತ್ತೆ. ಒಂದು ಮೊಟ್ಟೆಗೆ ಒಂದು ಟೇಬಲ್ ಚಮಚ ಅಗಸೆಬೀಜದ ಪುಡಿ, ಮೂರು ಟೇಬಲ್ ಚಮಚ ನೀರು, ಹತ್ತು ನಿಮಿಷ ನೆನೆಸಿ ಲೋಳೆಯಾದ ಮೇಲೆ ಹಾಕಿ. ಚಾಕೊಲೇಟ್ ಮಿಕ್ಸ್‌ನಲ್ಲಿ ಗೊತ್ತೇ ಆಗಲ್ಲ, ಬಿಳಿ ಮಿಕ್ಸ್‌ನಲ್ಲಿ ಚುಕ್ಕೆ ಕಾಣುತ್ತೆ. ಬಿಳಿಗೆ ಗಟ್ಟಿ ಮೊಸರು, ಮೊಟ್ಟೆಗೆ 60 ಗ್ರಾಂ. ಮೊಸರಿನ ಹುಳಿ ಸೋಡಾ ಜೊತೆ ಸೇರಿ ಹೆಚ್ಚು ಉಬ್ಬಿಸುತ್ತೆ, ಕೇಕ್ ತುಂಡಿನ ಹಾಗೆ ಬರುತ್ತೆ. ಅದಕ್ಕೆ ಓವನ್‌ಗೆ ಹಾಕೋ ಮೊದಲು ಉಂಡೆಯನ್ನ ಬೆರಳಿಂದ ಸ್ವಲ್ಪ ತಟ್ಟಿ. ಮೊಸರಿನ ಮೇಲೆ ನಿಂತ ನೀರನ್ನ ಬಸಿದು ತೂಗಿ.

ಇನ್ನೊಂದು. ಬಾಕ್ಸ್ ಮೇಲೆ "ಎಗ್‌ಲೆಸ್" ಅಂತಿದ್ರೆ ಆ ಮಿಕ್ಸ್ ಮೊಟ್ಟೆ ಇಲ್ಲದೆ ನಿಲ್ಲೋ ಹಾಗೇ ಕೂಡಿಸಿರ್ತಾರೆ. ಅದಕ್ಕೆ ಬದಲಿ ಪೂರ್ತಿ ಹಾಕಬೇಡಿ. ಮೊದಲು ಎಣ್ಣೆ ಕಲಸಿ, ಹಿಟ್ಟು ಮುಷ್ಟಿಯಲ್ಲಿ ಹಿಡಿದ್ರೆ ನಿಲ್ಲೋವರೆಗೆ ಹಾಲನ್ನ ಒಂದೊಂದೇ ಚಮಚ ಸೇರಿಸಿ.

ಚುಕ್ಕಿಅಚ್ಚು
ನಕ್ಷತ್ರ, ಗಂಟೆ ಆಕಾರಕ್ಕೆ ಕತ್ತರಿಸೋಕೆ ಈ ಹಿಟ್ಟು ಬರುತ್ತಾ?

ಬಿಸಿತಟ್ಟೆ
ಬರಲ್ಲ. ಅದರಲ್ಲಿರೋ ಸೋಡಾ, ಎಮಲ್ಸಿಫೈಯರ್ (ಎಣ್ಣೆ ನೀರು ಬೆರೆಸಿ ಹಿಡಿಯೋ ಪದಾರ್ಥ) ಎಲ್ಲ ಉಬ್ಬಿಸೋಕೇ ಇರೋದು. ಅಂಚು ಕರಗಿ ನಕ್ಷತ್ರ ಹೋಗಿ ಗುಂಡಗಾಗುತ್ತೆ. ಆಕಾರ ಬೇಕಾದ್ರೆ ಮೈದಾ, ಬೆಣ್ಣೆ, ಸಕ್ಕರೆಯಿಂದ ಹೊಸದಾಗಿ ಮಾಡಿ.

ಬಿರುಕುಬಿಸ್ಕತ್ತು
ಖಡಾಖಂಡಿತ ಬರಲ್ಲ ಅನ್ನೋದು ತಪ್ಪು, @ಬಿಸಿತಟ್ಟೆ. ಮಿಕ್ಸ್‌ಗೆ ಮೈದಾ ಸೇರಿಸಿದಷ್ಟೂ ಸೋಡಾದ ಪಾಲು ಇಳಿಯುತ್ತೆ. 432 ಗ್ರಾಂ ಮಿಕ್ಸ್, 95 ಗ್ರಾಂ ಮೈದಾ, 113 ಗ್ರಾಂ ಮೆದು ಬೆಣ್ಣೆ, ಒಂದೇ ಮೊಟ್ಟೆ. ಪುಡಿಪುಡಿ ಅನ್ನಿಸಿದ್ರೆ ಒಂದು ಟೇಬಲ್ ಚಮಚ ಹಾಲು, ಅದಕ್ಕಿಂತ ಹೆಚ್ಚು ಬೇಡ. ಎರಡು ಬೇಕಿಂಗ್ ಪೇಪರ್ ನಡುವೆ 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಒಂದು ಗಂಟೆ ಫ್ರಿಜ್. ಕತ್ತರಿಸಿ, ಟ್ರೇ ಸಮೇತ 15 ನಿಮಿಷ ಫ್ರೀಜರ್. ನೇರ 175ಕ್ಕೆ, 8–9 ನಿಮಿಷ.

ಆಮೇಲೆ ಮುಖ್ಯ ಕೆಲಸ: ಟ್ರೇ ಹೊರಗೆ ಬಂದ ಅರ್ಧ ನಿಮಿಷದೊಳಗೆ ಅದೇ ಅಚ್ಚನ್ನ ಅದೇ ಕುಕಿ ಮೇಲೆ ಮತ್ತೆ ಒತ್ತಿ. ಬಿಸಿ ಇರುವಾಗ ಬೆಣ್ಣೆ ಕತ್ತರಿಸಿದ ಹಾಗೆ ಹರಡಿದ ಅಂಚು ಬಿಟ್ಕೊಳ್ಳುತ್ತೆ. ತಣ್ಣಗಾದ್ರೆ ಒಡೆಯುತ್ತೆ.

ಬಿಸಿತಟ್ಟೆ
ಬಿಸಿಯಲ್ಲಿ ಮತ್ತೆ ಕತ್ತರಿಸೋದು ಸರಿಯಾದ ಉಪಾಯ, ಒಪ್ತೀನಿ. ಆದ್ರೂ ಜಿಂಕೆ ಕೊಂಬು, ಹಿಮದ ಹರಳಿನಂಥ ಸಣ್ಣ ಕಡ್ಡಿ ಇರೋ ಅಚ್ಚಿಗೆ ಆಗಲ್ಲ. ಹೃದಯ, ದಪ್ಪ ನಕ್ಷತ್ರ, ಗಂಟೆ, ಅಷ್ಟಕ್ಕೆ ನಿಲ್ಲಿಸಿ.

ಬಿರುಕುಬಿಸ್ಕತ್ತು
ಅದು ಸರಿ.

ಹಳೇಡಬ್ಬಿ
ಮೊಟ್ಟೆ ವಿಷಯ ಬಂತಲ್ಲ. ಮೊದಲು ಮಿಕ್ಸ್‌ನಲ್ಲೇ ಒಣ ಮೊಟ್ಟೆ ಇರ್ತಿತ್ತು, ಗೃಹಿಣಿಯರಿಗೆ ತಾವೇ ಮಾಡಿದ್ದು ಅನ್ನೋ ಸಮಾಧಾನ ಸಿಗಲಿ ಅಂತ 1950ರ ದಶಕದಲ್ಲಿ ಮೊಟ್ಟೆ ತೆಗೆದುಬಿಟ್ರು, ಇದನ್ನ ಹೇಳಿದ್ದು ಅರ್ನೆಸ್ಟ್ ಡಿಕ್ಟರ್ ಅನ್ನೋ ಮನಃಶಾಸ್ತ್ರಜ್ಞ ಅಂತಾರೆ.

ತೂಕದಕಲ್ಲು
ಆ ಕಥೆ ಅರ್ಧ ಮಾತ್ರ ನಿಜ. ಪಿಟ್ಸ್‌ಬರ್ಗ್‌ನ ಪಿ. ಡಫ್ ಆ್ಯಂಡ್ ಸನ್ಸ್ ಕಂಪನಿ ಕಾಕಂಬಿ ಒಣಗಿಸಿ ಜಿಂಜರ್‌ಬ್ರೆಡ್ ಮಿಕ್ಸ್ ಮಾಡಿ 1933ರಲ್ಲಿ ಪೇಟೆಂಟ್ ಪಡೀತು. 1935ರ ಅವರ ಎರಡನೇ ಪೇಟೆಂಟ್‌ನಲ್ಲೇ ಒಣ ಮೊಟ್ಟೆ ಬಿಟ್ಟು ಮನೆಯಲ್ಲಿ ತಾಜಾ ಮೊಟ್ಟೆ ಹಾಕೋ ವಿಷಯ ಬಂದಿದೆ. ಡಿಕ್ಟರ್‌ಗಿಂತ ಎಷ್ಟೋ ಮೊದಲು. ಅದಕ್ಕಿಂತ ಸರಳ ಕಾರಣವೂ ಇದೆ: ತಾಜಾ ಮೊಟ್ಟೆಯ ಕೇಕ್ ರುಚಿಯಲ್ಲೂ ರಚನೆಯಲ್ಲೂ ಮೇಲು.

ಹಳೇಡಬ್ಬಿ
ಪೇಟೆಂಟ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್.

ಮರದಸೌಟು
ಮಕ್ಕಳು ಬಟ್ಟಲಲ್ಲಿ ಉಳಿದ ಹಿಟ್ಟು ನೆಕ್ತಾರೆ. ಎಗ್‌ಲೆಸ್ ಮಿಕ್ಸ್ ಆದ್ರೆ ಪರವಾಗಿಲ್ಲ ತಾನೇ?

ಓವನ್‌ಬಾಗಿಲು
ಪರವಾಗಿದೆ! ಕೊಡಬೇಡಿ. ಅಪಾಯ ಮೊಟ್ಟೆಯಿಂದ ಮಾತ್ರ ಅಲ್ಲ, ಮಿಕ್ಸ್‌ನಲ್ಲಿರೋ ಮೈದಾ ಹಸಿಯದ್ದೇ. 2021ರಲ್ಲಿ ಅಮೆರಿಕದಲ್ಲಿ ಕೇಕ್ ಮಿಕ್ಸ್‌ನಿಂದಲೇ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾದ ಸೋಂಕು ಹಬ್ಬಿತ್ತು, ಹಲವರು ಹಸಿ ಹಿಟ್ಟಿನ ರುಚಿ ನೋಡಿದ್ದವರು. ಮೈದಾವನ್ನ ಮನೆಯಲ್ಲಿ ಓವನ್‌ನಲ್ಲಿಟ್ಟು ಬಿಸಿ ಮಾಡಿದ್ರೆ ಸುರಕ್ಷಿತ ಅನ್ನೋ ವಿಡಿಯೊಗಳನ್ನೂ ನಂಬಬೇಡಿ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ ಅದನ್ನ ಬೇಡ ಅಂತಲೇ ಹೇಳುತ್ತೆ. ಒಣ ಪುಡಿಯಲ್ಲಿ ರೋಗಾಣು ಅಷ್ಟು ಸುಲಭಕ್ಕೆ ಸಾಯಲ್ಲ.

ಚುಕ್ಕಿಅಚ್ಚು
ಬೇಕಿಂಗ್ ಪೇಪರ್ ಇಲ್ಲ, ಮೇಣದ ಪೇಪರ್ ಇದೆ. ನಡೆಯುತ್ತಾ?

ಬಿಸಿತಟ್ಟೆ
ಓವನ್‌ಗೆ ಖಂಡಿತ ಬೇಡ. ಮೇಣ ಕರಗಿ ಹೊಗೆ ಬರುತ್ತೆ, ಕುಕಿ ಅಡಿಗೂ ಅಂಟುತ್ತೆ. ಲಟ್ಟಿಸೋಕೆ, ಡಬ್ಬದಲ್ಲಿ ಪದರದ ನಡುವೆ ಹಾಕೋಕೆ ಬಳಸಿ. ಟ್ರೇಗೆ ಜಿಡ್ಡು ಸವರೋದಾದ್ರೆ ತೀರಾ ತೆಳ್ಳಗೆ. ಜಿಡ್ಡು ಹೆಚ್ಚಾದ್ರೆ ಕುಕಿ ಅದರ ಮೇಲೆ ಜಾರಿ ಹರಡುತ್ತೆ.

ಪುಡಿಸಕ್ಕರೆ
ಸ್ಪ್ರಿಂಕಲ್ಸ್ ಹಿಟ್ಟಿಗೇ ಕಲಸಬಹುದಾ?

ಹಾಲುಕೆನೆ
ಉದ್ದ ಕಡ್ಡಿ ಥರದ್ದು ಆಗುತ್ತೆ, ಕೊನೆಯಲ್ಲಿ ಹಾಕಿ ಎರಡು ಸಲ ತಿರುಗಿಸಿ ನಿಲ್ಲಿಸಿ, 60 ಗ್ರಾಂ ಸಾಕು. ಸಾಸಿವೆ ಕಾಳಿನಂಥ ಗುಂಡು ಸ್ಪ್ರಿಂಕಲ್ಸ್ ಬಣ್ಣ ಬಿಟ್ಟು ಹಿಟ್ಟೆಲ್ಲ ಬೂದು ಮಾಡುತ್ತೆ, ಅದನ್ನ ಮೇಲೆ ಮಾತ್ರ ಒತ್ತಿ.

ಸಕ್ಕರೆಚಮಚ
ಎರಡು ದಿನದ ಕೆಲಸ ಹೇಗೆ ಹಂಚಿಕೊಳ್ಳಲಿ? ಹಿಂದಿನ ದಿನವೇ ಬೇಯಿಸಿಟ್ರೆ ಮೆದುವಾಗಿ ಉಳಿಯುತ್ತಾ?

ತೂಕದಕಲ್ಲು
ಉಳಿಯುತ್ತೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಮೂರು ನಾಲ್ಕು ದಿನ ಚೆನ್ನಾಗಿರುತ್ತೆ. ಕ್ರೀಮ್ ಚೀಸ್ ಹಾಕಿದ್ದನ್ನ ಮಾತ್ರ ಫ್ರಿಜ್‌ನಲ್ಲಿಡಿ. ಗರಿಗರಿ ಬಿಸ್ಕತ್ತು ಮಾಡಿದ್ರೆ ಅದಕ್ಕೆ ಬೇರೆ ಡಬ್ಬ. ಇದರ ತೇವ ಅದಕ್ಕೆ ಹೋಗಿ ಎರಡು ದಿನದಲ್ಲಿ ಅದೂ ಮೆತ್ತಗಾಗುತ್ತೆ.

ಅದಕ್ಕಿಂತ ಚೆನ್ನಾದ ದಾರಿ: ಇವತ್ತು ಹಿಟ್ಟೆಲ್ಲ ಕಲಸಿ 20 ಗ್ರಾಂ ಉಂಡೆ ಕಟ್ಟಿ, ಟ್ರೇ ಮೇಲೆ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಎರಡು ತಿಂಗಳಿಗೂ ಕೆಡಲ್ಲ. ನಾಳೆ ಫ್ರೀಜರ್‌ನಿಂದ ನೇರ ಓವನ್‌ಗೆ, ಮಾಮೂಲಿಗಿಂತ ಒಂದೆರಡು ನಿಮಿಷ ಹೆಚ್ಚು. ಕ್ರಿಂಕಲ್ ಆದ್ರೆ ಉಂಡೆಯನ್ನ ಹತ್ತು ನಿಮಿಷ ಹೊರಗಿಡಿ, ಇಲ್ಲಾಂದ್ರೆ ಕಲ್ಲಿನಂಥ ಉಂಡೆಗೆ ಸಕ್ಕರೆ ಅಂಟಲ್ಲ.

ಬಿರುಕುಬಿಸ್ಕತ್ತು
ಮತ್ತೆ ಸಕ್ಕರೆ ಹೊರಳಿಸಿ ಫ್ರೀಜ್ ಮಾಡಬೇಡಿ. ಹೊರಗೆ ತೆಗೆದಾಗ ಬೆವರಿ ಎಲ್ಲ ಕರಗುತ್ತೆ.

ಸಕ್ಕರೆಚಮಚ
ಆಯ್ತು. ಎರಡು ಬಾಕ್ಸ್ ಚಾಕೊಲೇಟ್ ಕ್ರಿಂಕಲ್, ಒಂದು ಬಿಳಿ ಮಿಕ್ಸ್ ಸ್ಪ್ರಿಂಕಲ್ಸ್ ಹಾಕಿ. ಪ್ರತಿ ಬಾಕ್ಸ್‌ಗೂ 57 ಗ್ರಾಂ ಮೈದಾ. ಈಗ್ಲೇ ತಕ್ಕಡಿ ಇಟ್ಟೆ.

ತೂಕದಕಲ್ಲು
ಮೂರೂ ಬಾಕ್ಸ್‌ಗಳ ತೂಕ ಬೇರೆಬೇರೆಯಾಗಿ ಓದಿಕೊಳ್ಳಿ. ಒಂದೇ ಬ್ರಾಂಡ್‌ನಲ್ಲೂ ಚಾಕೊಲೇಟ್, ಬಿಳಿ ಮಿಕ್ಸ್‌ಗಳ ತೂಕ ಒಂದೇ ಇರಬೇಕಂತಿಲ್ಲ. 432 ಬರೆದಿದ್ದ ಬಾಕ್ಸ್‌ಗೆ ಆ ಮೈದಾ ಬೇಡ.